ಟೊರಾಂಟೊದಲ್ಲಿ ಮನೆ ವಿಸ್ತರಿಸೋಕೆ ಸಿಟಿ ಪರ್ಮಿಟ್ ಸಾಲದೆ, ಕನ್ಸರ್ವೇಶನ್ ಅಥಾರಿಟಿಯ ಅನುಮತಿಯೂ ಏಕೆ ಬೇಕು?

ಎಲ್ಲ ಮನೆಗೂ ಬೇಡ. ನಿಮ್ಮ ಜಾಗ ನದಿ ಕಣಿವೆ, ನೆರೆ ಬಯಲು, ಜೌಗು ನೆಲ ಅಥವಾ ಕೆರೆ ದಂಡೆಯಲ್ಲಿದ್ದರೆ ಮಾತ್ರ ಬೇಕಾಗುತ್ತದೆ.

ನದಿಗೆ ಊರಿನ ಗಡಿ ಗೊತ್ತಿಲ್ಲ ಅಲ್ವಾ? ಮೇಲಿನ ಊರಲ್ಲಿ ಕಾಂಕ್ರೀಟ್ ಜಾಸ್ತಿಯಾದರೆ ಕೆಳಗಿನ ಊರಿಗೆ ನೀರು ನುಗ್ಗುತ್ತದೆ. ಅದಕ್ಕೇ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯ 1946ರ ಕಾನೂನಿನಲ್ಲಿ ಜಲಾನಯನ ಪ್ರದೇಶವನ್ನೇ (ನದಿಗೆ ನೀರು ಹರಿದು ಬರುವ ಇಡೀ ನೆಲ) ಗಡಿ ಮಾಡಿಕೊಂಡ ಪ್ರಾಧಿಕಾರಗಳಿಗೆ, ಅಂದರೆ ಕನ್ಸರ್ವೇಶನ್ ಅಥಾರಿಟಿಗಳಿಗೆ, ದಾರಿ ಮಾಡಿತು. ಆಡಳಿತ ಮಂಡಳಿಯ ಹೆಚ್ಚಿನ ಸದಸ್ಯರನ್ನು ಆಯಾ ನಗರಸಭೆಗಳೇ ನೇಮಿಸುತ್ತವೆ.

ಟೊರಾಂಟೊದ ಕಥೆ ಬದಲಾದದ್ದು 1954ರ ಅಕ್ಟೋಬರ್‌ನಲ್ಲಿ. ಹೇಝಲ್ ಚಂಡಮಾರುತಕ್ಕೆ ಒಂಟಾರಿಯೊದಲ್ಲಿ 81 ಜನ ಸತ್ತರು. ಹಂಬರ್ ನದಿಯ ಪಕ್ಕದ ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನ. ಆಮೇಲೆ ಅಲ್ಲಿ ಮತ್ತೆ ಮನೆ ಕಟ್ಟಲು ಬಿಡಲಿಲ್ಲ, ಈಗ ಅದು ಪಾರ್ಕ್. 1957ರಲ್ಲಿ ಟೊರಾಂಟೊ ಭಾಗದ ಈಗಿನ ಪ್ರಾಧಿಕಾರ (TRCA) ಹುಟ್ಟಿತು. ನದಿಯಂಚಿನ ಜಮೀನು ಕೊಂಡು ಬಯಲಾಗಿ ಉಳಿಸಿತು, ಅಣೆಕಟ್ಟು ಕಟ್ಟಿತು. ನೀವು ವಾಕಿಂಗ್ ಹೋಗುವ ಎಷ್ಟೋ ಹಸಿರು ಕಣಿವೆಗಳು ಹೀಗೆ ಉಳಿದವು. ನೆರೆ ಬಂದಾಗ ನೀರು ಹರಡಿಕೊಳ್ಳೋದೂ ಅಲ್ಲೇ.

ಇವತ್ತಿಗೂ ಈ ಭಾಗದ ನೆರೆ ನಕ್ಷೆಗೆ ಹೇಝಲ್ ಮಳೆಯೇ ಅಳತೆಗೋಲು: 48 ಗಂಟೆಯಲ್ಲಿ 285 ಮಿಲಿಮೀಟರ್. ಅಷ್ಟು ಸುರಿದರೆ ನೀರು ಎಲ್ಲಿವರೆಗೆ ಬರುತ್ತದೆ, ದಡ ಕುಸಿಯುತ್ತದಾ ಎಂದು ನೋಡಿಯೇ ಅನುಮತಿ ಕೊಡುತ್ತಾರೆ. ಹಿತ್ತಲಿಗೆ ಲೋಡ್‌ಗಟ್ಟಲೆ ಮಣ್ಣು ತುಂಬಿಸೋದಕ್ಕೂ ಕೇಳಬೇಕಾಗಬಹುದು. ಡಿಸೈನರ್‌ಗೆ ದುಡ್ಡು ಕೊಡುವ ಮೊದಲೇ ಪ್ರಾಧಿಕಾರದ ನಕ್ಷೆಯಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ.