ಚೆಸ್‌ನಲ್ಲಿ ಕಪ್ಪು ಕಾಯಿ ಹಿಡಿದಾಗ ಆಟ ಮುಚ್ಚಿಕೊಂಡರೆ ಏನು ಪ್ಲಾನ್ ಮಾಡಬೇಕು?

"ಕಪ್ಪಿನಲ್ಲಿ ಆಡುವಾಗ ಓಪನಿಂಗ್ ಮುಚ್ಚಿಕೊಂಡರೆ ಏನೂ ಹೊಳೆಯಲ್ಲ, ಸುಮ್ನೆ ಕಾಯ್ತಾ ಕೂತು ಸೋಲ್ತೀನಿ" ಅಂತ ಕೇಳಿದ್ದೀರಿ. ಓದಿ ನಗು ಬಂತು, ನಾನೂ ಎರಡು ವರ್ಷ ಇದನ್ನೇ ಮಾಡಿದವನು. ಹತ್ತು ನಡೆ ಆಗುವಷ್ಟರಲ್ಲಿ ನಡುವೆ ಪ್ಯಾದೆಗಳು ಒಂದಕ್ಕೊಂದು ತಲೆ ಕೊಟ್ಟು ನಿಂತಿರುತ್ತವೆ, ಹೊಡೆಯೋಕೆ ಏನೂ ಇರಲ್ಲ, ಆಮೇಲೆ ಆನೆ ಒಂದು ಮನೆ ಆಚೆ, ಒಂದು ಮನೆ ಈಚೆ. ಅಷ್ಟರಲ್ಲಿ ಬಿಳಿಯವನು ಬಂದು ರಾಜನ ಮೇಲೆ ಬಿದ್ದಿರುತ್ತಾನೆ. ಅಲ್ವಾ?

ನಾನು ವಿಜಯಪುರದವನು. ನಮ್ಮ ಓಣಿಯಲ್ಲಿ ಒಬ್ಬ ರಿಟೈರ್ಡ್ ಮಾಸ್ತರ್ ಇದ್ದಾರೆ, ಭಾನುವಾರ ಅವರ ಮನೆ ಕಟ್ಟೆ ಮೇಲೆ ಬೋರ್ಡ್ ಹಾಸುತ್ತೇವೆ. ಒಂದು ದಿನ ಅವರು "ತಮ್ಮಾ, ಆ ಆನಿ ಯಾಕ ಸುಮ್ಮನ ತಿರುಗಾಡಸಾಕತ್ತಿ? ಯಾವ ಪ್ಯಾದಿ ನೂಕಾಂವ ಅದೀ, ಮೊದಲ ಅದನ್ನ ಹೇಳು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆನೆ, ಕುದುರೆ, ಒಂಟೆ, ಮಂತ್ರಿ ಎಲ್ಲ ತೆಗೆದು ಪಕ್ಕಕ್ಕಿಟ್ಟು, ರಾಜರನ್ನೂ ಪ್ಯಾದೆಗಳನ್ನೂ ಅಷ್ಟೇ ಬೋರ್ಡಿನ ಮೇಲೆ ಬಿಟ್ಟರು. ಆಗ ಕಾಣಿಸಿತು. ಮುಚ್ಚಿದ ಆಟದಲ್ಲಿ ಪ್ಲಾನ್ ಅಂದ್ರೆ ಯಾವ ಪ್ಯಾದೆ ನೂಕಿ ಎಲ್ಲಿ ಬಾಗಿಲು ತೆಗೆಯಬೇಕು ಅನ್ನೋದು, ಅಷ್ಟೇ. ಉಳಿದ ಕಾಯಿಗಳೆಲ್ಲ ಆ ಒಂದು ನಡೆಗೆ ದುಡಿಯುವ ಆಳುಗಳು.

ಫ್ರೆಂಚ್ ಡಿಫೆನ್ಸ್ ಅನ್ನೋ ಓಪನಿಂಗ್ (ಆಟ ಶುರು ಮಾಡುವ ದಾರಿ) ತಗೊಳ್ಳಿ. (ಮನೆಯ ಹೆಸರಲ್ಲಿ ಅಕ್ಷರ ಅಂದ್ರೆ ಬಿಳಿಯವನ ಎಡದಿಂದ ಎ, ಬಿ, ಸಿ ಅಂತ ಹೋಗುವ ಉದ್ದ ಸಾಲು, ಅಂಕಿ ಅಂದ್ರೆ ಅವನ ಕಡೆಯಿಂದ ಎಣಿಸುವ ಅಡ್ಡ ಸಾಲು.) ಇ4 ಇ6, ಡಿ4 ಡಿ5, ಆಮೇಲೆ ಬಿಳಿ ಇ5 ನೂಕಿ ಮುಚ್ಚುತ್ತಾನೆ. ಎಲ್ಲರ ಕಣ್ಣೂ ಆ ಇ5 ಮೇಲೆ ಹೋಗುತ್ತದೆ. ಆದರೆ ಅದನ್ನು ಹಿಡಿದು ನಿಲ್ಲಿಸಿರೋದು ಡಿ4. ನಮ್ಮ ಕಡೆ ಬಿಳಿಜೋಳ ಕೀಳುವಾಗ ಯಾರೂ ತೆನೆ ಹಿಡಿದು ಜಗ್ಗಲ್ಲ, ಬುಡಕ್ಕೆ ಕೈ ಹಾಕುತ್ತಾರೆ. ಇಲ್ಲೂ ಹಂಗೇ. ಕೂಡಲೇ ಸಿ5, ಕುದುರೆ ಸಿ6ಕ್ಕೆ, ಮಂತ್ರಿ ಬಿ6ಕ್ಕೆ, ಇನ್ನೊಂದು ಕುದುರೆ ಇ7 ಅಥವಾ ಎಚ್6 ಮೇಲಿಂದ ಎಫ್5ಕ್ಕೆ. ಎಲ್ಲ ಕಾಯಿಯೂ ಡಿ4 ಅನ್ನೇ ನೋಡುತ್ತಿರಬೇಕು. ಎಫ್6 ಅನ್ನೋ ಹೊಡೆತವೂ ಇದೆ, ಆದರೆ ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರ ಮಾಡೋದು) ಆಗದೆ ಅದಕ್ಕೆ ಕೈ ಹಾಕಿದರೆ ನಿಮ್ಮ ಇ6 ಪ್ಯಾದೆ ಬಡಪಾಯಿಯಾಗುತ್ತದೆ.

ಇಲ್ಲಿ ನಾನು ಮಂತ್ರಿ ಕಳೆದುಕೊಂಡ ಕಥೆ ಹೇಳಲೇಬೇಕು. ಬಿಳಿ ಸಿ3 ನೂಕಿ, ಕುದುರೆ ಎಫ್3ಕ್ಕೆ, ಒಂಟೆ ಡಿ3ಕ್ಕೆ ತಂದಿದ್ದ. ಡಿ4 ಮೇಲೆ ಪ್ಯಾದೆ ಬದಲಾಯಿಸಿದೆ, ಆಮೇಲೆ ಪುಕ್ಕಟೆ ಪ್ಯಾದೆ ಸಿಕ್ತು ಅಂತ ಕುದುರೆಯಲ್ಲಿ ಡಿ4 ಹೊಡೆದೆ, ಅವನು ಕುದುರೆಯಲ್ಲಿ ಹೊಡೆದ, ನಾನು ಮಂತ್ರಿಯಲ್ಲಿ ಹೊಡೆದೆ. ಅವನ ಒಂಟೆ ಬಿ5ಕ್ಕೆ ಹಾರಿ ಚೆಕ್, ಹಿಂದಿನಿಂದ ಅವನ ಮಂತ್ರಿ ನನ್ನ ಮಂತ್ರಿಯನ್ನು ನೋಡುತ್ತಿದೆ. ಆಟ ಮುಗೀತು. ಹೊಡೆಯುವ ಮೊದಲು ಒಂಟೆಯನ್ನು ಡಿ7ಕ್ಕೆ ತಂದಿದ್ದರೆ ಆ ಚೆಕ್ಕೇ ಇರುತ್ತಿರಲಿಲ್ಲ.

ಇನ್ನೊಂದು, ಸಿ5 ಪ್ಯಾದೆಯನ್ನು ಸುಮ್ನೆ ಸಿ4ಕ್ಕೆ ನೂಕಬೇಡಿ. ಜಾಗ ಸಿಕ್ಕಿತು ಅನಿಸುತ್ತದೆ, ಆದರೆ ಡಿ4 ಮೇಲಿನ ಒತ್ತಡ ಹೋಯಿತು, ಬಿಳಿಯವನು ಆರಾಮಾಗಿ ರಾಜನ ಕಡೆ ಬರುತ್ತಾನೆ. (ಬಿಳಿ ಎ3 ಆಡಿದ್ದರೆ ದೊಡ್ಡ ಆಟಗಾರರೂ ಸಿ4 ನೂಕುತ್ತಾರೆ, ಬಿ3 ಮನೆ ಪೊಳ್ಳಾಗಿರುತ್ತೆ ಅಂತ. ಅದು ಕಾರಣ ಗೊತ್ತಿದ್ದು ನೂಕೋದು.)

ಮೊದಲ ನಡೆಗೇ ಡಿ4 ಆಡುವವರ ಎದುರು ನನಗೆ ಇಷ್ಟ ಕಿಂಗ್ಸ್ ಇಂಡಿಯನ್ ಅನ್ನೋ ಓಪನಿಂಗ್: ಕುದುರೆ ಎಫ್6ಕ್ಕೆ, ಪ್ಯಾದೆ ಜಿ6, ಒಂಟೆ ಜಿ7ಕ್ಕೆ, ಕ್ಯಾಸಲಿಂಗ್, ಆಮೇಲೆ ಡಿ6, ಇ5, ಇನ್ನೊಂದು ಕುದುರೆ ಸಿ6ಕ್ಕೆ. ಬಿಳಿ ಡಿ5 ನೂಕಿ ನಡುವೆ ಮುಚ್ಚುತ್ತಾನೆ, ಸಿ6ನ ಕುದುರೆ ಇ7ಕ್ಕೆ ಸರಿಯುತ್ತದೆ. ಈಗ ನಿಮ್ಮ ಪ್ಯಾದೆ ಸಾಲು ನೋಡಿ: ಸಿ7, ಡಿ6, ಇ5. ಬಿಳಿ ರಾಜನ ಕಡೆಗೇ ಮೂತಿ ಮಾಡಿ ನಿಂತಿದೆ. ಸಾಲು ಯಾವ ಕಡೆ ನೋಡುತ್ತೋ ಆ ಕಡೆಯೇ ನಿಮ್ಮ ಆಟ. ಎಫ್6ನ ಕುದುರೆಯನ್ನು ಡಿ7 ಅಥವಾ ಇ8ಕ್ಕೆ ಸರಿಸಿ, ಎಫ್5, ಎಫ್4, ಆಮೇಲೆ ಜಿ5, ಎಚ್5, ಜಿ4. ಅತ್ತ ಬಿಳಿಯವನು ಸಿ5 ನೂಕಿ ನಿಮ್ಮ ಬಲಗಡೆ ಹರಿದು ಹಾಕುತ್ತಿರುತ್ತಾನೆ. ಹರಿಯಲಿ. ಒಂದೊಂದಕ್ಕೂ ಉತ್ತರ ಕೊಡೋಕೆ ಹೋದರೆ ಸತ್ತಿರಿ. ಸಿ8 ಒಂಟೆಯನ್ನು ಮಾತ್ರ ಬದಲಾಯಿಸಬೇಡಿ, ಕೊನೆಗೆ ಎಚ್3 ಮೇಲೆ ತಲೆ ಕೊಟ್ಟು ಬಾಗಿಲು ಒಡೆಯೋದು ಅದೇ.

1953ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಯುಗೊಸ್ಲಾವಿಯಾದ ಗ್ರ್ಯಾಂಡ್‌ಮಾಸ್ಟರ್ ಗ್ಲಿಗೊರಿಚ್ ಹೀಗೇ ಕಪ್ಪಿನಲ್ಲಿ ಅರ್ಜೆಂಟೀನಾದ ಗ್ರ್ಯಾಂಡ್‌ಮಾಸ್ಟರ್ ನಾಯ್ಡಾರ್ಫ್ ಅವರನ್ನು ಸೋಲಿಸಿದರು, ಆ ಊರಿನ ಹೆಸರೇ ಈ ದಾರಿಗೆ ಉಳಿಯಿತು. ಸೋತ ನಾಯ್ಡಾರ್ಫ್ ಅದೇ ವರ್ಷ ಜ್ಯೂರಿಕ್‌ನಲ್ಲಿ ತಾವೇ ಕಪ್ಪು ಹಿಡಿದು ಇದೇ ದಾರಿಯಲ್ಲಿ ಸೋವಿಯತ್ ಆಟಗಾರ ತೈಮನೋವ್ ಅವರನ್ನು ಸೋಲಿಸಿದರು. ಕಂಪ್ಯೂಟರ್ ಹಾಕಿದರೆ ಬಿಳಿಗೇ ಜಾಸ್ತಿ ಅಂತ ತೋರಿಸುತ್ತದೆ, ಅದನ್ನು ನೋಡಿ ಹೆದರಬೇಡಿ, ನಮ್ಮ ಮಟ್ಟದಲ್ಲಿ ಎದುರು ಕೂತವನು ಕಂಪ್ಯೂಟರ್ ಅಲ್ಲ.

ನೀವು ಯಾವ ಓಪನಿಂಗ್ ಆಡುತ್ತೀರಿ ಅಂತ ಬರೆದಿಲ್ಲ. ಸೋತ ಆಟ ಒಂದು ಇದ್ದರೆ ನಡೆಗಳನ್ನು ಇಲ್ಲೇ ಕೆಳಗೆ ಹಾಕಿ, ಭಾನುವಾರ ಮಾಸ್ತರ್‌ಗೂ ತೋರಿಸುತ್ತೇನೆ. ಅವರು ಬೈದರೆ ಬೇಜಾರು ಮಾಡ್ಕೋಬೇಡಿ, ಅವರು ಎಲ್ಲರಿಗೂ ಬೈತಾರೆ.