ಆಮೆ ತಪ್ಪು ತಿರುಗಿದರೆ ಕೂಡಲೇ ತಿದ್ದಬೇಡಿ

ಪ್ರಶ್ನೆ: ಸಿಂದಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಶಾಲೆಯಲ್ಲಿ ನಾಲ್ಕೈದು ಕಂಪ್ಯೂಟರ್‌ಗಳಿವೆ. ಪಾಠ ಮುಗಿಸುವುದೇ ಕಷ್ಟವಾಗಿರುವಾಗ ಗಣಿತದ ಅವಧಿಯಲ್ಲಿ ಪ್ರೋಗ್ರಾಮಿಂಗ್ ಮಾಡಿಸುವುದು ಸರಿಯೇ?
– ಗಣಿತ ಶಿಕ್ಷಕಿ, ವಿಜಯಪುರ ಜಿಲ್ಲೆ

ಉತ್ತರ: ಖಂಡಿತ ಮಾಡಿಸಿ. ಆದರೆ ಅದನ್ನು ಇನ್ನೊಂದು ವಿಷಯವೆಂದು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಹೇಗೂ ಕಲಿಸಬೇಕಾದ ಬಹುಭುಜಾಕೃತಿಯ ಪಾಠದಿಂದಲೇ ಶುರು ಮಾಡಿ.

1967ರಲ್ಲಿ ರೂಪುಗೊಂಡ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆ ಮುಂದೆ ತನ್ನ ‘ಆಮೆ’ಯಿಂದಲೇ ಹೆಸರಾಯಿತು: ಕಂಪ್ಯೂಟರ್ ಪರದೆಯ ಮೇಲಿನ ಈ ಪುಟ್ಟ ಗುರುತಿಗೆ ‘ಇಷ್ಟು ಮುಂದೆ ಹೋಗು, ಇಷ್ಟು ತಿರುಗು’ ಎಂದರೆ ಅದು ಗೆರೆ ಎಳೆಯುತ್ತದೆ. ಅಂಥದೇ ಆಮೆ ಈಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಉಚಿತವಾಗಿ ಸಿಗುತ್ತದೆ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಕೂಡ ಬೇಕಿಲ್ಲ.

ಸಮಬಾಹು ತ್ರಿಭುಜ ಬರೆಯಲು ಹೇಳಿ. ಹೆಚ್ಚಿನ ಮಕ್ಕಳು 60 ಡಿಗ್ರಿ ತಿರುಗಿಸುತ್ತಾರೆ; ಮೂರು ಗೆರೆ ಎಳೆದರೂ ಆಕೃತಿ ಮುಚ್ಚುವುದಿಲ್ಲ, ಅರ್ಧ ಷಡ್ಭುಜ ಮೂಡುತ್ತದೆ. ದಯವಿಟ್ಟು ಆಗ ತಿದ್ದಬೇಡಿ. ನೆಲದ ಮೇಲೆ ಸೀಮೆಸುಣ್ಣದಿಂದ ತ್ರಿಭುಜ ಬರೆದು ಅದರ ಮೇಲೆ ನಡೆಸಿ. ಮೂಲೆಯಲ್ಲಿ ತನ್ನ ಮೈ ತಿರುಗಿದ್ದು 120 ಡಿಗ್ರಿ ಎಂದು ಮಗು ಕಂಡುಕೊಂಡಾಗ ಹೊರಕೋನವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕರೆಂಟು ಹೋದ ದಿನವೂ ಈ ಪಾಠ ನಿಲ್ಲುವುದಿಲ್ಲ!

ನನಗೆ ಇನ್ನೂ ಪ್ರಿಯವಾದದ್ದು ಸಪ್ತಭುಜ. 360ನ್ನು 7ರಿಂದ ಭಾಗಿಸಿ 51 ಎಂದು ಬರೆದರೆ ಒಟ್ಟು ತಿರುವು 357 ಮಾತ್ರ. ಕೊನೆಯ ಗೆರೆ ಹೊರಟ ಜಾಗಕ್ಕೆ ಸರಿಯಾಗಿ ಬಂದು ಸೇರುವುದಿಲ್ಲ. ಕೊನೆಯಿಲ್ಲದ ದಶಮಾಂಶವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಒಂದು ಎಚ್ಚರಿಕೆ. ಹತ್ತು ಆಕೃತಿಗಳಲ್ಲಿ ಒಟ್ಟು ತಿರುವು 360 ಬಂತೆಂದರೆ ಅದು ಪುರಾವೆಯಲ್ಲ, ಬರೀ ಪರಿಶೀಲನೆ. ‘ಯಾಕೆ ಯಾವಾಗಲೂ 360?’ ಎಂದು ನೀವು ಕೇಳಲೇಬೇಕು. ಸಿದ್ಧ ಪ್ರೋಗ್ರಾಂ ನಕಲು ಮಾಡಿಸುವುದಂತೂ ಬೇಡವೇ ಬೇಡ.

ಪಾಠ ಮುಗಿದ ಮೇಲೆ ಗೋಳಗುಮ್ಮಟಕ್ಕೆ ಬನ್ನಿ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ವಿನ್ಯಾಸದಲ್ಲಿ ಹೆಣೆದ ಎಂಟು ಕಮಾನುಗಳು ಆ ಗುಮ್ಮಟವನ್ನು ಹೊತ್ತಿವೆ. ಅದರ ನಕ್ಷೆಯನ್ನು ಮಕ್ಕಳೇ ಬರೆಯಲಿ. ಒಂದು ಚೌಕ ಬರೆದು, 45 ಡಿಗ್ರಿ ತಿರುಗಿ ಇನ್ನೊಂದು ಬರೆದರೆ ಎರಡೂ ಮೂಲೆಯಲ್ಲಿ ಕೂಡುತ್ತವೆ, ನಡುವಿನಲ್ಲಿ ಅಲ್ಲ. ಕೇಂದ್ರ ಎಲ್ಲಿದೆ, ಅಲ್ಲಿಂದ ಹೊಸ ಮೂಲೆ ಎಷ್ಟು ದೂರ ಎಂದು ಹುಡುಕುವಾಗ ಕರ್ಣ ಬೇಕಾಗುತ್ತದೆ, ಪೈಥಾಗೊರಸ್ ಪ್ರಮೇಯವೂ ಬೇಕಾಗುತ್ತದೆ. ಒಂದು ಕಂಪ್ಯೂಟರಿಗೆ ನಾಲ್ಕೈದು ಮಕ್ಕಳನ್ನು ಕೂರಿಸಿ. ಮೊದಲು ನೋಟ್‌ಬುಕ್ಕಿನಲ್ಲಿ ಲೆಕ್ಕ, ಆಮೇಲೆ ಕೀಲಿಮಣೆ.