ಹಳೆಯ ಇಂಜಿನ್‌ಗೆ ಸಿಂಥೆಟಿಕ್ ಆಯಿಲ್ ಹಾಕಿದರೆ ಸೋರುತ್ತದೆಯೇ?

ಇಪ್ಪತ್ತು ವರ್ಷ ಮಿನರಲ್ ಆಯಿಲ್‌ನಲ್ಲೇ (ಕಚ್ಚಾ ತೈಲವನ್ನು ಶುದ್ಧೀಕರಿಸಿದ ಸಾಮಾನ್ಯ ಇಂಜಿನ್ ಆಯಿಲ್) ಓಡಿದ ಪೆಟ್ರೋಲ್ ಕಾರಿಗೆ ಈಗ ರಾಸಾಯನಿಕವಾಗಿ ತಯಾರಿಸಿದ ಸಿಂಥೆಟಿಕ್ ಹಾಕಿದರೆ, ಆಯಿಲ್ ಹೊರಬರದಂತೆ ತಡೆಯುವ ಸೀಲ್‌ಗಳು ಹಾಳಾಗಿ ಸೋರತೊಡಗುತ್ತವೆ ಎಂದು ಮೆಕ್ಯಾನಿಕ್ ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಅವರು ಕೊಡುವ ಕಾರಣ ಹಳೆಯ ಕಾಲದ್ದು. 1970ರ ದಶಕದ ಕೆಲವು ಸಿಂಥೆಟಿಕ್ ಆಯಿಲ್‌ಗಳು ರಬ್ಬರ್ ಸೀಲ್‌ಗಳನ್ನು ಕುಗ್ಗಿಸುತ್ತಿದ್ದವು. ಮುಂದೆ ಎಸ್ಟರ್‌ನಂಥ ಪದಾರ್ಥಗಳನ್ನು ಬೆರೆಸಿ ಆ ದೋಷವನ್ನು ಸರಿಪಡಿಸಲಾಯಿತು.

ಈಗ ಸೋರಿಕೆ ಕಾಣಿಸಿಕೊಂಡರೆ, ಸಾಮಾನ್ಯವಾಗಿ ಸೀಲ್ ಮೊದಲೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಆ ಬಿರುಕನ್ನು ವರ್ಷಗಟ್ಟಲೆ ಕಟ್ಟಿಕೊಂಡ ಗಸಿಯೇ ಮುಚ್ಚಿರುತ್ತದೆ, ಹೊಸ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಆ ಗಸಿಯನ್ನು ಕರಗಿಸಿದಾಗ ಅಡಗಿದ್ದ ದೋಷ ಬಯಲಾಗುತ್ತದೆ.

ಹಾಗಾಗಿ ಕಾರಿನ ವಯಸ್ಸಿಗಿಂತ ಇಂಜಿನ್‌ನ ಸ್ಥಿತಿಯನ್ನು ನೋಡಿ ನಿರ್ಧರಿಸಿ ಎಂಬುದು ನನ್ನ ಸಲಹೆ. ಆಯಿಲ್ ತುಂಬುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಲೋಹದ ಮೇಲೆ ಕಂದು ಬಣ್ಣದ ತೆಳುವಾದ ಪದರ ಮಾತ್ರ ಇದ್ದರೆ ಚಿಂತೆಯಿಲ್ಲ. ಡಾಂಬರಿನಂತೆ ಕಪ್ಪು ಗಸಿ ಹೆಪ್ಪುಗಟ್ಟಿದ್ದರೆ ಸಿಂಥೆಟಿಕ್ ಸದ್ಯಕ್ಕೆ ಬೇಡ, ಏಕೆಂದರೆ ಸಡಿಲಗೊಂಡ ಗಸಿ ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಿಬಿಡಬಹುದು. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಭಾಗವನ್ನೂ ಒರೆಸಿ, ಕೆಲವು ದಿನ ಓಡಿಸಿದ ಮೇಲೆ ಅಲ್ಲಿ ಜಿಡ್ಡು ಕಾಣುತ್ತದೆಯೇ ಎಂದು ಗಮನಿಸಿ. ಅಲ್ಲಿನ ಸೀಲ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕಾಗುವುದರಿಂದ ಈ ಪರೀಕ್ಷೆಯನ್ನು ಬಿಡಬೇಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಯಾವ ಆಯಿಲ್ ಕೂಡ ಮದ್ದಲ್ಲ.

ಸಿಂಥೆಟಿಕ್ ಎಂದರೆ ತೆಳು ಎಂಬ ತಪ್ಪು ಕಲ್ಪನೆಯೇ ಹೆಚ್ಚು ತೊಂದರೆ ಕೊಡುವುದು. ವಾಹನ ಇಂಜಿನಿಯರ್‌ಗಳ ಸಂಸ್ಥೆಯಾದ ಎಸ್‌ಎಇಯ ಮಾನದಂಡದ ಪ್ರಕಾರ 40ನೇ ಗ್ರೇಡ್‌ನ ಆಯಿಲ್ ಮಿನರಲ್ ಆಗಲಿ ಸಿಂಥೆಟಿಕ್ ಆಗಲಿ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ, ಅಂದರೆ ಹರಿಯುವಾಗಿನ ಮಂದತೆ, 12.5ರಿಂದ 16.3 ಸೆಂಟಿಸ್ಟೋಕ್ಸ್‌ನೊಳಗೇ ಇರಬೇಕು. 15ಡಬ್ಲ್ಯೂ-40 ಬೇಡುವ ಇಂಜಿನ್‌ಗೆ 5ಡಬ್ಲ್ಯೂ-30 ಸುರಿದು (ಕೊನೆಯ ಅಂಕಿ ಬಿಸಿಯಾದಾಗಿನ ಗ್ರೇಡ್, ಅದು ಕಡಿಮೆಯಾದಷ್ಟೂ ಆಯಿಲ್ ತೆಳು), ಸಿಂಥೆಟಿಕ್‌ನಿಂದ ಇಂಜಿನ್ ಸದ್ದು ಮಾಡುತ್ತಿದೆ ಎಂದು ದೂರುವವರಿಗೆ ನಾನು ಮೊದಲು ಕೈಪಿಡಿಯ ಪುಟ ತೆಗೆಯಲು ಹೇಳುತ್ತೇನೆ. ನಿಮ್ಮ ಕಾರಿಗಿಂತಲೂ ಹಳೆಯದಾದ, ಫ್ಲಾಟ್ ಟ್ಯಾಪೆಟ್ (ವಾಲ್ವ್ ತೆರೆಯಲು ಕ್ಯಾಮ್ ಮೇಲೆ ಜಾರುವ ಚಪ್ಪಟೆ ತಳದ ಭಾಗ) ಇರುವ ಇಂಜಿನ್‌ಗಳಿಗಾದರೆ ಸತು ಮತ್ತು ರಂಜಕದ ಅಂಶ ಸಾಕಷ್ಟಿರುವ ಆಯಿಲ್ ಬೇಕೆಂಬುದನ್ನೂ ನೆನಪಿಡಬೇಕು.

ಒಳಗೆ ಚೊಕ್ಕವಾಗಿದ್ದು, ಸೋರಿಕೆಯೂ ಹೊಗೆಯೂ ಇಲ್ಲದಿದ್ದರೆ ಕೈಪಿಡಿ ಹೇಳಿದ ಗ್ರೇಡ್‌ನಲ್ಲೇ ಧೈರ್ಯವಾಗಿ ಸಿಂಥೆಟಿಕ್ ಹಾಕಿ. ತೀವ್ರ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಲೂ ಟರ್ಬೊ ಇರುವ ಇಂಜಿನ್‌ಗಳಲ್ಲೂ ಅದರ ಅನುಕೂಲ ನಿಜವಾದದ್ದು. ಪ್ರತಿ 1000 ಕಿಲೋಮೀಟರಿಗೆ ಲೀಟರ್‌ನಷ್ಟು ಆಯಿಲ್ ಉರಿಸುವ ಇಂಜಿನ್‌ಗೆ ಮಾತ್ರ ದುಬಾರಿ ಆಯಿಲ್ ಹಾಕುವುದು ದಂಡ. ಒಳ್ಳೆಯ ಮಿನರಲ್ ಆಯಿಲನ್ನೇ ಹಾಕಿ ಮಟ್ಟ ಕಾಯ್ದುಕೊಳ್ಳಿ.

ಬದಲಿಸಿದ ಮೊದಲ ಸಲ ಆಯಿಲನ್ನೂ ಫಿಲ್ಟರನ್ನೂ ನಿಗದಿತ ಅಂತರದ ಅರ್ಧಕ್ಕೇ ತೆಗೆಸಿ, ಅಲ್ಲಿಯವರೆಗೆ ವಾರಕ್ಕೊಮ್ಮೆ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡುತ್ತಿರಿ. ಹಳೆಯ ಆಯಿಲ್ ಸ್ವಲ್ಪ ಒಳಗೇ ಉಳಿದರೆ ಹೆದರಬೇಕಿಲ್ಲ, ಎರಡೂ ಒಂದರೊಡನೊಂದು ಬೆರೆಯುತ್ತವೆ.